ಪ್ರೇತದ ಬಾಯಲ್ಲಿ ನೆರೆಭಾಷೆ

ಭಯದ ಚಿತ್ರಗಳು ಟಾಕೀಸಿಗೆಂದೇ ಹುಟ್ಟಿದವು. ಕತ್ತಲೆ, ದೊಡ್ಡ ತೆರೆ, ಪಕ್ಕದಲ್ಲಿ ಬೆಚ್ಚಿಬೀಳುವ ಅಪರಿಚಿತರು ಇಲ್ಲದಿದ್ದರೆ ಅವುಗಳ ಅರ್ಧ ಬಲ ಹೋಯಿತು. 1984ರ ‘ಮೈ ಡಿಯರ್ ಕುಟ್ಟಿಚ್ಚಾತ್ತನ್’ ಇಂದು ಮನೆಯ ಟಿ.ವಿ.ಯಲ್ಲಿ ಬಂದರೆ, ಅಂದು ಕನ್ನಡಕ ಹಾಕಿ ಕುಳಿತವರ ಮೂಗಿನ ತುದಿಗೆ ಚಾಚಿ ಬರುತ್ತಿದ್ದ ವಸ್ತುಗಳೆಲ್ಲ ಗಾಜಿನ ಹಿಂದೆಯೇ ಉಳಿದುಬಿಡುತ್ತವೆ. ಆದರೆ ಹಗಲು ಹೊತ್ತಿನಲ್ಲಿ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುವಾಗ ಹತ್ತನೆಯ ಸಲ ನೋಡಿದರೂ ಸವೆಯದ ಚಿತ್ರವೊಂದಿದೆ. ಅದು ಮಧು ಮುಟ್ಟಂ ಬರೆದು ಫಾಸಿಲ್ ನಿರ್ದೇಶಿಸಿದ ‘ಮಣಿಚಿತ್ರತ್ತಾಳ್’ (1993). ಮೂವತ್ತು ವರ್ಷ ದಾಟಿದ ಮೇಲೆ, 2024ರಲ್ಲಿ, ಅದನ್ನು ಹೊಸದಾಗಿ ಶುದ್ಧಗೊಳಿಸಿ ಮತ್ತೆ ಚಿತ್ರಮಂದಿರಗಳಿಗೆ ತಂದರು. ಮನೆಯಲ್ಲಿ ಕಂಠಪಾಠ ಮಾಡಿಕೊಂಡವರೇ ಟಿಕೆಟು ಕೊಂಡು ನೋಡಿದರು.

ಪಿ. ವಾಸು ಇದನ್ನೇ ಕನ್ನಡಕ್ಕೆ ‘ಆಪ್ತಮಿತ್ರ’ವಾಗಿ (2004) ತಂದದ್ದು ಎಲ್ಲರಿಗೂ ಗೊತ್ತು. ಎರಡನ್ನೂ ಯಾರ ಸಹಾಯವಿಲ್ಲದೆ ಕೇಳಬಲ್ಲ ಪ್ರೇಕ್ಷಕರು ಕಾಸರಗೋಡಿನ ಕನ್ನಡಿಗರಾದ ನಾವು. ಆದ್ದರಿಂದ ಒಂದು ಮಾತನ್ನು ನಾವೇ ಎತ್ತಬೇಕೆಂದು ನನಗೆ ತೋರುತ್ತದೆ. ಮನೆಯಲ್ಲಿ ಮತ್ತೆ ನೋಡುವಾಗ ಕಥೆ ಮೊದಲೇ ತಿಳಿದಿರುತ್ತದೆ. ಕಣ್ಣು ಹೆದರುವುದನ್ನು ಬಿಟ್ಟ ಮೇಲೆ ಕಿವಿ ಚುರುಕಾಗುತ್ತದೆ. ಆಗ ಕೇಳಿಸುವುದೇನೆಂದರೆ, ಈ ಪ್ರೇತ ಪ್ರತಿಸಲವೂ ನೆರೆಯವರ ಭಾಷೆಯಲ್ಲಿ ಮಾತಾಡುತ್ತದೆ. ಮಲಯಾಳದ ನಾಗವಲ್ಲಿ ತಂಜಾವೂರಿನ ತಮಿಳು ನರ್ತಕಿ. ಕನ್ನಡದಲ್ಲಿ ಅವಳು ತೆಲುಗಿನವಳಾದಳು. 2007ರ ಹಿಂದಿ ‘ಭೂಲ್ ಭುಲಯ್ಯಾ’ದಲ್ಲಿ ಬಂಗಾಳಿಯಾದಳು. ಊರು, ಅರಮನೆ, ನಾಯಕ ಎಲ್ಲ ಬದಲಾದರೂ ಈ ಒಂದು ನಿಯಮ ಬದಲಾಗಲಿಲ್ಲ.

ಅಂದರೆ ಮನೆಯ ಸೊಸೆಗೆ ಹುಚ್ಚು ಹಿಡಿದಿದೆ ಎಂಬುದಕ್ಕೆ ಇಲ್ಲಿ ಮೊದಲ ಗುರುತು ಅವಳು ಬೇರೆ ಭಾಷೆ ಆಡುವುದು. ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ನೆಂಟರೊಡನೆ ತುಳುವೋ ಹವ್ಯಕವೋ ಆಡುತ್ತ ದಿನಕ್ಕೆ ನಾಲ್ಕು ಸಲ ನಾಲಿಗೆ ಹೊರಳಿಸುವ ನಮಗೆ ಇದು ಚುಚ್ಚಬೇಡವೇ?

ಮಲಯಾಳ ಚಿತ್ರ ಈ ಚುಚ್ಚನ್ನು ಮರೆಸುವುದಿಲ್ಲ. ಗಂಡ ನಕುಲ, ಒಡವೆ ಕೊಳ್ಳಲು ಅಲ್ಲಿಯ ಜೊತೆ ಹೊರಟ ಗಂಗೆಯನ್ನು ತಡೆಯುವ ದೃಶ್ಯವನ್ನು ನೆನೆಯಿರಿ. ಮೊದಲು ಬೇಸರ, ಆಮೇಲೆ ಸಿಟ್ಟು, ವಾಕ್ಯದ ನಡುವೆಯೇ ಮಲಯಾಳ ಜಾರಿ ತಮಿಳು ಏರುತ್ತದೆ. ಒಂದೇ ಕೈಯಲ್ಲಿ ಮಂಚ ಮೇಲೇಳುತ್ತದೆ. ಶೋಭನಾ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಆ ತಮಿಳು ದನಿ ಮಾತ್ರ ದುರ್ಗಾ ಎಂಬ ಕಂಠದಾನ ಕಲಾವಿದೆಯದು. ಎರಡು ದಶಕ ಜನರು ಎಲ್ಲವನ್ನೂ ಭಾಗ್ಯಲಕ್ಷ್ಮಿಯವರದೆಂದೇ ನಂಬಿದ್ದರು. ಫಾಸಿಲ್ ಅವರೇ 2016ರಲ್ಲಿ ನಿಜ ತಿಳಿಸಿದರು. ಪ್ರೇತದ ಭಾಷೆ ಆಡಿದವಳ ಹೆಸರು ಅಷ್ಟು ಕಾಲ ಮರೆಯಲ್ಲಿದ್ದುದೂ ಒಂದು ಕಥೆಯೇ.

ಆದರೂ ಈ ಚಿತ್ರ ಆ ತಮಿಳನ್ನು ಅವಮಾನಿಸುವುದಿಲ್ಲ. ಕೊಲೆ ಮಾಡಿದವನು ಆ ತರವಾಡಿನ ಕಾರಣವರು ಶಂಕರನ್ ತಂಬಿ. ಸತ್ತವಳು ಪರಭಾಷೆಯ ಹೆಣ್ಣು. ಆಕೆ ಕೇಳುವುದು ನ್ಯಾಯ. ಮೋಹನ್‌ಲಾಲ್ ಆಡಿದ ಡಾಕ್ಟರ್ ಸಣ್ಣಿ ಅವಳ ಬಾಯಿ ಕಟ್ಟಿಸುವುದಿಲ್ಲ. ನಕುಲನ ಜಾಗದಲ್ಲಿ ಬೊಂಬೆಯನ್ನಿಟ್ಟು, ಅವಳ ಕೈಯಿಂದಲೇ ತಂಬಿಯ ಶಿಕ್ಷೆ ಮುಗಿಸುತ್ತಾನೆ. ಸಣ್ಣಿ ಮನೋವೈದ್ಯ ನಿಜ, ಆದರೆ ಮೊದಲು ದೂರು ಕೇಳಿಸಿಕೊಳ್ಳುತ್ತಾನೆ. ನಮ್ಮ ಕಡೆಯವರಿಗೆ ಇದು ಹೊಸತಲ್ಲ. ಮನೆಮಾತು ಕನ್ನಡವಾದವರೂ ಕೋಲದ ಕಣದಲ್ಲಿ ಕೈಮುಗಿದು ತುಳುವಿನ ನುಡಿ ಕೇಳುತ್ತಾರೆ, ತೆಯ್ಯದ ಮುಂದೆ ಮಲಯಾಳದ ನುಡಿ ಕೇಳುತ್ತಾರೆ. ಮೈಮೇಲೆ ಬಂದವರು ಬೇರೆ ಭಾಷೆ ಆಡಿದರೆಂದು ಯಾರೂ ಡಾಕ್ಟರನ್ನು ಕರೆದದ್ದಿಲ್ಲ.

‘ಆಪ್ತಮಿತ್ರ’ ಈ ದೃಷ್ಟಿಯಿಂದ ಬಡವಾಗಿದೆ. ವಿಷ್ಣುವರ್ಧನ್ ಅವರ ರಾಜನ ವೇಷ, ‘ಹೌಲಾ ಹೌಲಾ’, ದೊಡ್ಡ ಹಾವು ಎಲ್ಲ ರಂಜನೆಗೆ ಸರಿ, ಮಕ್ಕಳು ಕುಣಿಯುತ್ತಾರೆ. ಆದರೆ ಹಾವು ಹರಿದಾಡಿದ ಮೇಲೆ ಹುಚ್ಚೋ ಪ್ರೇತವೋ ಎಂಬ ಸಂಶಯಕ್ಕೆ ಜಾಗವೆಲ್ಲಿ? ಮೂಲಚಿತ್ರ ನಿಂತಿರುವುದು ಆ ಸಂಶಯದ ಮೇಲೆ. ಇಲ್ಲಿ ತೆಲುಗು ಹೆಚ್ಚಾಗಿ ಹಾಡಿನ ಅಲಂಕಾರವಾಗಿ ಉಳಿಯುತ್ತದೆ.

ಅದನ್ನು ಎತ್ತಿ ಹಿಡಿದವರು ಸೌಂದರ್ಯ. ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆಯ ಈ ನಟಿ, ತೆಲುಗು ಚಿತ್ರರಂಗದಲ್ಲಿ ಮನೆಮಗಳಾದವರು. ಗಡಿಯ ಎರಡೂ ಬದಿಯನ್ನು ಕಂಡವರು ಗಂಗೆಯಿಂದ ನಾಗವಲ್ಲಿಗೆ ಹೊರಳುವಾಗ ಅದು ನಟನೆಯೆಂದು ತೋರುವುದಿಲ್ಲ. 2004ರ ಏಪ್ರಿಲಿನಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು; ಚಿತ್ರ ಬಂದದ್ದು ಆಗಸ್ಟಿನಲ್ಲಿ. ಇನ್ನೊಂದು ಮಾತು: ಎರಡೂ ಚಿತ್ರಗಳಲ್ಲಿ ನಾಗವಲ್ಲಿಯ ಪ್ರಿಯಕರ ರಾಮನಾಥನಾಗಿ ಕುಣಿದವರು ನಮ್ಮ ಕನ್ನಡದ ಭರತನಾಟ್ಯ ಕಲಾವಿದ ಶ್ರೀಧರ್. ಮಲಯಾಳ ಚಿತ್ರದಲ್ಲಿ ತಮಿಳು ಹಾಡಿಗೆ ಹೆಜ್ಜೆ ಹಾಕುವ ಆ ಕನ್ನಡಿಗನನ್ನು ಮನೆಯ ಮಕ್ಕಳಿಗೆ ಬೆರಳು ಮಾಡಿ ತೋರಿಸಬಹುದು.

ಮುಂದಿನ ಸಲ ಚಿತ್ರ ಹಾಕಿದಾಗ ಮಂಚ ಎತ್ತುವ ದೃಶ್ಯವನ್ನು ಒಮ್ಮೆ ದನಿ ನಿಲ್ಲಿಸಿ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ. ನನಗೆ ಎರಡನೆಯ ಸಲವೇ ರೋಮ ನಿಮಿರಿತು.