ಮದ್ದು ಕೈಗೆ ಸಿಕ್ಕ ಮೇಲೆ

ಹಾಸಿಗೆ ಹಿಡಿದ ತಾಯಿ, ಮಂತ್ರವಿದ್ಯೆಗೆ ಕೈಹಾಕುವ ಮಗು, ಎಲ್ಲೋ ದೂರದಲ್ಲಿರುವ ಮದ್ದು. ಇಷ್ಟು ಗೊತ್ತಾದೊಡನೆ ಹೊಸ ಓದುಗರು ಓಡತೊಡಗುತ್ತಾರೆ: ದುಷ್ಟರು ಯಾರು, ಕಾಳಗ ಯಾವಾಗ? ಓಡಲಿ, ತಪ್ಪಿಲ್ಲ. ಮದ್ದು ಕೈಗೆಟಕುವ ಪುಟ ಬಂದಾಗ ಮಾತ್ರ ನಿಂತು ಓದಬೇಕು. ಈ ಬಗೆಯ ಕಥೆಯ ರಸವೆಲ್ಲ ಅಲ್ಲಿದೆ.

ಸಿ.ಎಸ್. ಲೂಯಿಸ್‌ನ ‘ದಿ ಮ್ಯಾಜಿಶಿಯನ್ಸ್ ನೆಫ್ಯೂ’ (1955) ನೋಡಿ. ಡಿಗೊರಿ ಸ್ವತಃ ಮಾಂತ್ರಿಕನಲ್ಲ, ಪುಕ್ಕಲು ಮಾಂತ್ರಿಕನೊಬ್ಬನ ಸೋದರಳಿಯ. ಮಾವನ ಉಂಗುರಗಳ ಬಲದಿಂದ ಬೇರೆ ಲೋಕಗಳನ್ನು ಹೊಕ್ಕು, ಪಾಳುಬಿದ್ದ ನಗರವೊಂದರಲ್ಲಿ ಕುತೂಹಲ ತಡೆಯಲಾರದೆ ಗಂಟೆ ಬಾರಿಸಿ, ಜೇಡಿಸ್ ಎಂಬ ಮಾಟಗಾತಿಯನ್ನು ಎಬ್ಬಿಸುತ್ತಾನೆ. ಆಗಷ್ಟೇ ಹುಟ್ಟಿದ ನಾರ್ನಿಯಾ ಲೋಕಕ್ಕೆ ಕೇಡು ಕಾಲಿಟ್ಟದ್ದು ಅವನ ಬೆನ್ನಹಿಂದೆಯೇ. ಅದಕ್ಕಾಗಿ ಸಿಂಹರೂಪಿ ಆಸ್ಲನ್ ಅವನನ್ನು ದೂರದ ತೋಟದಿಂದ ಸೇಬು ತರಲು ಕಳಿಸುತ್ತಾನೆ. ಅದು ನಾರ್ನಿಯಾದ ಕಾವಲಿಗೆ ಬೇಕಾದ ಹಣ್ಣು, ಹಾಸಿಗೆ ಹಿಡಿದಿರುವ ಅವನ ತಾಯಿಗಲ್ಲ. ತೋಟದಲ್ಲಿ ಮಾಟಗಾತಿ ಎದುರಾಗುತ್ತಾಳೆ: ಇದನ್ನು ಅಮ್ಮನಿಗೆ ಒಯ್ದರೆ ಅವಳು ಉಳಿಯುತ್ತಾಳಲ್ಲ? ಹಣ್ಣಿಗೆ ಆ ಶಕ್ತಿ ಇರುವುದು ನಿಜ. ಸುಳ್ಳಿನ ಆಮಿಷವಾಗಿದ್ದರೆ ತಳ್ಳಿಹಾಕುವುದು ಎಷ್ಟು ಸುಲಭವಿತ್ತು! ಜೊತೆಗೆ ಬಂದ ಪಾಲಿಯನ್ನು ಇಲ್ಲೇ ಬಿಟ್ಟುಹೋಗು ಎಂದು ಅವಳು ಹೇಳಿದಾಗಲೇ ಹುಡುಗನಿಗೆ ಅವಳ ಬಣ್ಣ ತಿಳಿಯುವುದು. ಅವನು ಸೇಬನ್ನು ಆಸ್ಲನ್‌ಗೇ ಒಪ್ಪಿಸುತ್ತಾನೆ. ಅದರಿಂದ ಬೆಳೆದ ಮರದ ಹಣ್ಣೊಂದು, ಕದಿಯದೆಯೇ, ತಾಯಿಗೆ ದಕ್ಕುತ್ತದೆ. ಲೂಯಿಸ್‌ನ ತಾಯಿ 1908ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಇದು ಗೊತ್ತಿದ್ದು ಓದಿದರೆ ಕೊನೆಯ ಸಂತೋಷ ಅಷ್ಟು ಸಲೀಸಾಗಿ ಗಂಟಲಿಗಿಳಿಯದು.

ನಮಗೆ ಈ ಪರೀಕ್ಷೆ ಅಪರಿಚಿತವಲ್ಲ. ತಾಯಿ ವಿನತೆಯ ದಾಸ್ಯ ಬಿಡಿಸಲು ಹಾವುಗಳು ಕೇಳಿದ ಅಮೃತ ತಂದ ಗರುಡ, ತಾನೊಂದು ಹನಿಯನ್ನೂ ಕುಡಿಯಲಿಲ್ಲ. ವಿಷ್ಣು ಮೆಚ್ಚಿದ್ದು ಅದನ್ನೇ. ಆದರೆ ಗರುಡ ಜಾಣ. ಕುಂಭವನ್ನು ದರ್ಭೆಯ ಮೇಲಿಟ್ಟು ಹಾವುಗಳಿಗೆ ಕೊಟ್ಟ ಮಾತೂ ಉಳಿಸಿಕೊಂಡ, ಇಂದ್ರ ಅದನ್ನು ಹೊತ್ತೊಯ್ಯಲು ದಾರಿಯೂ ಮಾಡಿಕೊಟ್ಟ. ಪಾಪ, ಡಿಗೊರಿಗೆ ಅಂಥ ಉಪಾಯವಿಲ್ಲ.

ಡಯೇನ್ ಡ್ಯುಯೇನ್ ಇನ್ನೂ ಕಠಿಣ. 1983ರಲ್ಲಿ ಆರಂಭವಾದ ಆಕೆಯ ಮಾಲೆಯ ಐದನೇ ಕಾದಂಬರಿ ‘ದಿ ವಿಝರ್ಡ್ಸ್ ಡಿಲೆಮಾ’ (2001). ಹುಡುಗಿ ನೀಟಾಳ ತಾಯಿಗೆ ಮೆದುಳಿನಲ್ಲಿ ಗಡ್ಡೆ. ಇಲ್ಲಿನ ಮಂತ್ರವೆಂದರೆ ವಸ್ತುಗಳೊಡನೆ ಅವುಗಳ ನಿಜವನ್ನು ನುಡಿಯುವ ಭಾಷೆಯಲ್ಲಿ ಮಾತಾಡಿ ಒಲಿಸಿಕೊಳ್ಳುವುದು. ಪ್ರತಿ ಲೋಕದ ನಿಯಮಗಳೆಲ್ಲ ಅಡಕವಾಗಿರುವ ತಿರುಳೊಂದಿದೆ. ತಾಯಿಯನ್ನು ಉಳಿಸಲೆಂದು ಅದನ್ನು ತಿದ್ದಲು ನೀಟಾ ಕಲಿಯುವ ಪುಟಗಳು ಉದ್ದ, ಕೆಲವೆಡೆ ಬೇಸರವೂ ಆದೀತು. ಹಾರಿಸಬೇಡಿ. ಕಷ್ಟಪಟ್ಟು ಗಳಿಸಿದ ವಿದ್ಯೆಯ ಬೆಲೆ ಗೊತ್ತಿದ್ದರೆ ತಾನೇ ಮುಂದಿನ ಪ್ರಶ್ನೆ ಚುಚ್ಚುವುದು: ವಿದ್ಯೆ ಬಿಟ್ಟುಕೊಡು, ಅಮ್ಮನನ್ನು ಉಳಿಸಿಕೊಡುತ್ತೇನೆ ಎನ್ನುತ್ತದೆ ಸಾವನ್ನು ತಂದ ಶಕ್ತಿ. ಆ ವ್ಯಾಪಾರ ಬೇಡವೆನ್ನುವವಳು ತಾಯಿಯೇ. ಡಿಗೊರಿಯ ತಾಯಿ ಹಾಸಿಗೆಯಲ್ಲಿ ಮಲಗಿದ್ದಷ್ಟೇ. ಈ ತಾಯಿಗೆ ಬಾಯಿದೆ. ಮನೋರೋಗ ವಿಭಾಗದ ದಾದಿಯಾಗಿದ್ದ ಡ್ಯುಯೇನ್‌ಗೆ ಆಸ್ಪತ್ರೆಯೂ ಗೊತ್ತು. ಇಬ್ಬರಲ್ಲಿ ನನ್ನ ಒಲವು ಈಕೆಯತ್ತ.

ಮೊದಲು ಲೂಯಿಸ್‌ನನ್ನು ಓದಿ. ಡ್ಯುಯೇನ್‌ಳಲ್ಲಿ ಮಾಲೆಯ ಮೊದಲ ಪುಸ್ತಕ ಮುಗಿಸಿ ಐದನೆಯದಕ್ಕೆ ಬನ್ನಿ. ಮನೆಯಲ್ಲಿ ಕಾಯಿಲೆಯವರಿದ್ದರೆ ಮಕ್ಕಳ ಕೈಗೆ ಕೊಡುವ ಮುನ್ನ ನೀವೇ ಓದಿಕೊಳ್ಳಿ: ಮುಂದಿನ ಸಂಪುಟ ‘ಎ ವಿಝರ್ಡ್ ಅಲೋನ್’ (2002) ತೆರೆಯುವ ಹೊತ್ತಿಗೆ ನೀಟಾಳ ತಾಯಿ ಇಲ್ಲ.