ಪುಣ್ಯಕೋಟಿಯ ಹುಲಿಗೆ ಹೆಸರೇನು?

ಪುಣ್ಯಕೋಟಿಯ ಕತೆ ಗೊತ್ತಿಲ್ಲದ ಕನ್ನಡಿಗರು ಯಾರಿದ್ದಾರೆ? ಮಂಗಳೂರಿನಂಥ ಊರಿನಲ್ಲಿ ಮನೆಯೊಳಗೆ ತುಳು ಆಡುವವರು, ಕೊಂಕಣಿ ಆಡುವವರು, ಬ್ಯಾರಿ ಆಡುವವರು, ನಮ್ಮಂತೆ ದಖನಿ ಉರ್ದು ಆಡುವವರು, ಎಲ್ಲರೂ ಈ ಹಸುವನ್ನು ಮೊದಲು ಕಂಡದ್ದು ಶಾಲೆಯ ಕನ್ನಡ ಪಾಠದಲ್ಲಿ. ಅಕ್ಷರ ಮರೆತವರಿಗೂ ಆ ರಾಗ ಮರೆತಿರುವುದಿಲ್ಲ. ಆದರೆ ಹುಲಿಯ ಹೆಸರೇನೆಂದು ಕೇಳಿ ನೋಡಿ. ಹುಲಿಗೊಂದು ಹೆಸರಿತ್ತೇ ಎಂದು ಕೆಲವರು ನಮ್ಮನ್ನೇ ಕೇಳುತ್ತಾರೆ. 'ಅದ್ಭುತ' ಎನ್ನುವವರಿದ್ದಾರೆ. 'ಚಂಡವ್ಯಾಘ್ರ' ಎನ್ನುವವರೂ ಇದ್ದಾರೆ. ಹಾಡಿನಲ್ಲಿರುವುದು ಅರ್ಬುತ, ಕೆಲವು ಮುದ್ರಣಗಳಲ್ಲಿ ಅರ್ಭುತ. ಚಂಡವ್ಯಾಘ್ರ ಎಂಬುದು ಹೆಸರಲ್ಲ, ಹಸು ಅದನ್ನು ಕರೆಯುವ ರೀತಿ, ಅಷ್ಟೆ.

ಮರೆತಿರುವುದು ಹುಲಿಯ ಹೆಸರನ್ನು ಮಾತ್ರವಲ್ಲ. ಹಾಡನ್ನು ಬರೆದವರು ಯಾರೆಂದರೆ ಒಬ್ಬರು ಕುವೆಂಪು ಎನ್ನುತ್ತಾರೆ, ಇನ್ನೊಬ್ಬರು ಅಷ್ಟೇ ಖಚಿತವಾಗಿ ಮಂಜೇಶ್ವರದ ಗೋವಿಂದ ಪೈಗಳ ಹೆಸರು ಹೇಳುತ್ತಾರೆ. (ಗೋವಿನ ಹಾಡಿಗೂ ಗೋವಿಂದ ಪೈಗಳಿಗೂ ಇರುವ ನಂಟು ಮೊದಲ ಎರಡು ಅಕ್ಷರಗಳದ್ದು ಮಾತ್ರ!) ನಿಜವೆಂದರೆ ಇದು ಕರ್ತೃವಿನ ಹೆಸರಿಲ್ಲದ ಜನಪದ ಹಾಡು. ಪಾಠಪುಸ್ತಕಕ್ಕೆ ಬಂದದ್ದು ಅದರ ಸಂಕ್ಷೇಪ. ಹುಲಿ ಸತ್ತದ್ದು ಹೇಗೆ ಎಂದು ಕೇಳಿದರೂ ನಾನಾ ಉತ್ತರ. ಬೆಟ್ಟದಿಂದ ಕೆಳಗೆ ಹಾರಿತು, ಬಂಡೆಗೆ ತಲೆ ಚಚ್ಚಿಕೊಂಡಿತು, ಎದೆಯೊಡೆದು ಸತ್ತಿತು. ಹಾಡಿನ ಹುಲಿ ಮೇಲಕ್ಕೆ, ಆಕಾಶದ ಕಡೆಗೆ ನೆಗೆದು ಪ್ರಾಣ ಬಿಡುತ್ತದೆ. ಇತ್ತೀಚೆಗೆ ಮಕ್ಕಳಿಗೆ ಕತೆ ಹೇಳುವವರಲ್ಲಿ ಕೆಲವರು ಹುಲಿಯನ್ನು ಕೊಲ್ಲದೆ ಕಾಡಿಗೆ ಕಳಿಸಿಬಿಡುತ್ತಾರೆ. ಅವರ ಮನಸ್ಸು ಮೆದು, ಒಪ್ಪೋಣ. ಆದರೆ ಆಗ ಅದು ಬೇರೆ ಕತೆ.

ಎಲ್ಲಕ್ಕಿಂತ ಪೂರ್ತಿಯಾಗಿ ಮರೆತುಹೋದವನು ಗೊಲ್ಲ. ಹಾಡು ಹಸುವಿನಿಂದ ಶುರುವಾಗುವುದಿಲ್ಲ. ಕರ್ಣಾಟ ದೇಶದಲ್ಲಿರುವ ಕಾಳಿಂಗನೆಂಬ ಗೊಲ್ಲನ ಕತೆ ಹೇಳುತ್ತೇನೆ ಎಂದೇ ಅದು ಶುರುವಾಗುತ್ತದೆ. ಅವನು ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಆ ಹೆಸರುಗಳ ಸಾಲಿನಲ್ಲಿ ಪುಣ್ಯಕೋಟಿ ಒಬ್ಬಳು. ಕೊನೆಯಲ್ಲಿ ಬದುಕಿ ಬಂದ ಹಸು ಕರುವಿಗೆ ಹಾಲೂಡಿಸಿ ಗೊಲ್ಲನನ್ನು ಕರೆದು, ತನ್ನ ವಂಶದವರೂ ಅವನ ವಂಶದವರೂ ಪ್ರತಿ ಸಂಕ್ರಾಂತಿಗೆ ಕೃಷ್ಣನನ್ನು ನೆನೆಯಬೇಕೆಂದು ಹೇಳುತ್ತದೆ. ಅಂದರೆ ಇದು ದನ ಸಾಕಿ, ಹಾಲು ಕರೆದು ಬದುಕುವವರ ಹಾಡು. ಎಸ್. ಎಲ್. ಭೈರಪ್ಪನವರು 1968ರಲ್ಲಿ 'ತಬ್ಬಲಿಯು ನೀನಾದೆ ಮಗನೆ' ಬರೆದಾಗ ಕಾಳಿಂಗನ ಹೆಸರನ್ನು ಬಿಡಲಿಲ್ಲ. ಅಮೆರಿಕದಿಂದ ಮರಳುವ ಅವರ ನಾಯಕನ ಹೆಸರೂ ಅದೇ. 1977ರಲ್ಲಿ ಗಿರೀಶ ಕಾರ್ನಾಡ ಮತ್ತು ಬಿ. ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು. ಕಾದಂಬರಿಯ ನಿಲುವಿನ ಬಗ್ಗೆ ಜಗಳವಾಡಬಹುದು, ಆದರೆ ಹಸುವಿನ ಕತೆ ಮನುಷ್ಯನ ಕತೆಯೂ ಹೌದು ಎಂಬುದು ಅವರಿಗೆ ಗೊತ್ತಿತ್ತು. 2022ರಲ್ಲಿ ರಾಜ್ಯ ಸರಕಾರ ಗೋಶಾಲೆಗಳ ಜಾನುವಾರುಗಳನ್ನು ದತ್ತು ಕೊಡುವ ಯೋಜನೆ ತಂದಾಗ ಅದಕ್ಕೆ ಪುಣ್ಯಕೋಟಿಯ ಹೆಸರಿಟ್ಟಿತು. ಕಾಳಿಂಗನ ಹೆಸರಿನಲ್ಲಿ ಯೋಜನೆ ಬಂದದ್ದನ್ನು ನಾವು ಕಂಡಿಲ್ಲ.

ನಮ್ಮ ಜಿಲ್ಲೆಗಳಲ್ಲಿ ದನದ ಮಾತು ಬರೀ ಸಾಹಿತ್ಯದ ಮಾತಲ್ಲ. 2005ರ ಮಾರ್ಚ್‌ನಲ್ಲಿ ಆದಿ ಉಡುಪಿಯಲ್ಲಿ ಜಾನುವಾರು ವ್ಯಾಪಾರದ ತಂದೆ ಮಗನನ್ನು ಬೆತ್ತಲೆ ಮಾಡಿ ಹೊಡೆದದ್ದನ್ನು ಕರಾವಳಿ ಮರೆತಿಲ್ಲ. ಅಂಥ ಘಟನೆ ನಡೆದಾಗಲೆಲ್ಲ ಈ ಹಾಡು ಎರಡೂ ಕಡೆಯವರ ಬಾಯಿಗೆ ಬರುತ್ತದೆ. ಒಂದು ಕಡೆಯವರಿಗೆ ಪುಣ್ಯಕೋಟಿ ಎಂದರೆ ಗೋವು ಪವಿತ್ರ ಎನ್ನುವುದಕ್ಕೆ ಸಾಕ್ಷಿ. ಇನ್ನೊಂದು ಕಡೆಯವರು, ನಮ್ಮ ಅನೇಕ ಪ್ರಗತಿಪರ ಗೆಳೆಯರು, ಇದು ಮಾಂಸ ತಿನ್ನುವವರಲ್ಲಿ ಪಾಪಪ್ರಜ್ಞೆ ಬಿತ್ತುವ ಹಾಡು ಎನ್ನುತ್ತಾರೆ. ತನ್ನ ಸಹಜ ಆಹಾರಕ್ಕಾಗಿ ಹುಲಿ ಯಾಕೆ ಸಾಯಬೇಕು ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯ ನೋವು ನಮಗೆ ಅರ್ಥವಾಗುತ್ತದೆ. ತರಗತಿಯಲ್ಲಿ ಹುಲಿಯ ಮಾತು ಬಂದಾಗ ಪಕ್ಕದವರು ಯಾರ ಕಡೆಗೆ ತಿರುಗಿ ನೋಡಿ ನಗುತ್ತಾರೆಂಬುದು ನಮ್ಮ ಮಕ್ಕಳಿಗೆ ಗೊತ್ತು.

ಆದರೂ ಹೇಳಬೇಕು, ಇಬ್ಬರೂ ಹಾಡನ್ನು ತಪ್ಪಾಗಿ ನೆನಪಿಟ್ಟುಕೊಂಡಿದ್ದಾರೆ. ಗೋವನ್ನು ತಿನ್ನುವುದು ಪಾಪ ಎಂದು ಅರ್ಬುತ ಎಲ್ಲಿಯೂ ಹೇಳುವುದಿಲ್ಲ. 'ಇವಳನ್ನು' ಕೊಂದು ತಿಂದರೆ ಪರಮಾತ್ಮ ಮೆಚ್ಚಲಾರ ಎನ್ನುತ್ತದೆ. ಇವಳು ಎಂದರೆ ಕೊಟ್ಟ ಮಾತಿಗಾಗಿ ತಿರುಗಿ ಬಂದವಳು. ಹುಲಿಯ ಎದೆ ಕರಗಿದ್ದು ಜಾತಿ ನೋಡಿ ಅಲ್ಲ, ನಡತೆ ನೋಡಿ. ಮಾತಿಗೆ ತಪ್ಪಿ ದೊಡ್ಡಿಯಲ್ಲೇ ಉಳಿದ ಹಸುವೊಂದು ಮರುದಿನ ಸಿಕ್ಕಿದ್ದರೆ ಅರ್ಬುತ ಸುಮ್ಮನಿರುತ್ತಿತ್ತೆಂದು ನಮಗನಿಸುವುದಿಲ್ಲ. ಇನ್ನು ಹಸುವಿನ ಕಡೆಯಿಂದ ನೋಡಿ. ಗವಿಯ ಬಾಗಿಲಿಗೆ ಬಂದ ಪುಣ್ಯಕೋಟಿ ತನ್ನ ಖಂಡವನ್ನು, ಮಾಂಸವನ್ನು, ಗುಂಡಿಗೆಯ ಬಿಸಿ ನೆತ್ತರನ್ನು ಒಂದೊಂದಾಗಿ ಎಣಿಸಿ ಹುಲಿಯ ಮುಂದಿಡುತ್ತದೆ. ಉಣ್ಣು, ಸಂತೋಷವಾಗಿರು ಎನ್ನುತ್ತದೆ. ಎಳೆಯ ಮಕ್ಕಳು ಗಟ್ಟಿ ದನಿಯಲ್ಲಿ ಹಾಡಿ ಖುಷಿಪಡುವ ಭಾಗವೇ ಇದು. ಮಾಂಸ ಎಂಬ ಶಬ್ದಕ್ಕೆ ಬೆಚ್ಚುವ ಹಾಡಾಗಿದ್ದರೆ ಅದು ಹಸುವಿನ ಬಾಯಲ್ಲೇ ಆ ಶಬ್ದವನ್ನು ಇಡುತ್ತಿರಲಿಲ್ಲ.

ಈ ಕತೆಗೆ ಸಂಸ್ಕೃತದಲ್ಲಿ ಹಳೆಯ ನಂಟರಿದ್ದಾರೆ. ಪದ್ಮಪುರಾಣದ ಸೃಷ್ಟಿಖಂಡದಲ್ಲಿ ನಂದಾ ಎಂಬ ಹಸು ಹೀಗೆಯೇ ಹುಲಿಗೆ ಮಾತು ಕೊಟ್ಟು, ಕರುವಿಗೆ ಹಾಲೂಡಿಸಿ ಹಿಂತಿರುಗುತ್ತದೆ. ಆದರೆ ಆ ಹುಲಿ ನಿಜವಾದ ಹುಲಿಯಲ್ಲ. ಅವನು ಪ್ರಭಂಜನನೆಂಬ ರಾಜ. ಮರಿಗೆ ಹಾಲೂಡಿಸುತ್ತಿದ್ದ ಜಿಂಕೆಯನ್ನು ಬಾಣದಿಂದ ಹೊಡೆದು, ಅದರ ಶಾಪದಿಂದ ಹುಲಿಯಾದವನು. ನಂದೆಯ ಹೆಸರು ಕೇಳಿದ್ದೇ ಶಾಪ ಕಳಚಿ ರಾಜನಾಗುತ್ತಾನೆ. ಗುಜರಾತಿನ ಕಡೆಯ ಬಹುಲಾ ಎಂಬ ಹಸುವಿನ ಕತೆಯಲ್ಲಿ ಎದುರು ನಿಲ್ಲುವ ಸಿಂಹ ಸ್ವತಃ ಕೃಷ್ಣ, ಪರೀಕ್ಷೆ ಮಾಡಲು ಬಂದವನು. ಎರಡರಲ್ಲೂ ಮೃಗದ ಚರ್ಮದೊಳಗೆ ಬೇರೆ ಯಾರೋ ಇದ್ದಾರೆ. ಮಕ್ಕಳು ಶಾಲೆಯಲ್ಲಿ ಕಲಿಯುವ ಕನ್ನಡದ ಹಾಡಿನಲ್ಲಿ ರಾಜನಿಲ್ಲ, ದೇವರ ವೇಷವಿಲ್ಲ. ಹುಲಿ ಹುಲಿಯೇ. ಹಸಿದಿದೆ, ಸಿಕ್ಕಿದ್ದನ್ನು ಬಿಟ್ಟರೆ ಕೆಟ್ಟೆ ಎಂದು ಅದಕ್ಕೆ ಗೊತ್ತಿದೆ, ಆದರೂ ಬಿಡುತ್ತದೆ. ಪಿಲಿಚಾಮುಂಡಿಗೆ ಕೋಲ ಕೊಡುವ, ನವರಾತ್ರಿಯಲ್ಲಿ ಬೀದಿ ತುಂಬ ಹುಲಿ ಕುಣಿಸುವ ನಮ್ಮ ಊರಿಗಾದರೂ ಇದರ ಸೊಗಸು ತಿಳಿಯಬೇಕಿತ್ತು.

ಉರ್ದು ಮನೆಗಳಲ್ಲಿ ಬೆಳೆದವರಿಗೆ ಇನ್ನೊಬ್ಬಳು ನೆಂಟಳು ನೆನಪಾಗುತ್ತಾಳೆ. ಅವಳು ಹಿರ್ನಿ. ಬೇಟೆಗಾರ ಕಟ್ಟಿಹಾಕಿದ ಹೆಣ್ಣು ಜಿಂಕೆ ಪ್ರವಾದಿ ಮುಹಮ್ಮದ್ (ಸ) ಅವರೊಡನೆ ಮಾತನಾಡಿ, ಮರಿಗಳಿಗೆ ಹಾಲು ಕೊಟ್ಟು ಬರುತ್ತೇನೆ ಬಿಡಿಸಿ ಎಂದು ಬೇಡುತ್ತದೆ. ಪ್ರವಾದಿಯವರು ಅದನ್ನು ಬಿಡಿಸುತ್ತಾರೆ, ಜಿಂಕೆ ಹೇಳಿದಂತೆ ಮರಳುತ್ತದೆ. ಕೊನೆಗೆ ಅದಕ್ಕೆ ಬಿಡುಗಡೆ. ಅಜ್ಜಿಯರು ಇದನ್ನು ಹೇಳುವಾಗ ಮರಿಗಳ ಸಂಖ್ಯೆ ಬದಲಾಗುತ್ತದೆ, ಬೇಟೆಗಾರ ಯಾರೆಂಬುದು ಬದಲಾಗುತ್ತದೆ. ಇಲ್ಲಿಯೂ ತಕರಾರು ಹಳೆಯದು. ಈ ಕತೆಗೆ ಬುಡವಿಲ್ಲ ಎಂದು ಹದಿನಾಲ್ಕನೆಯ ಶತಮಾನದ ಇಬ್ನ್ ಕಸೀರ್ ಹೇಳಿದ್ದನ್ನು ಹದೀಸ್ ವಿದ್ವಾಂಸ ಸಖಾವಿ ದಾಖಲಿಸಿದ್ದಾರೆ. ಬೇರೆ ಬೇರೆ ವರದಿಗಳು ಒಂದಕ್ಕೊಂದು ಬಲ ಕೊಡುತ್ತವೆ ಎಂಬ ಮಾತನ್ನೂ ಪಕ್ಕದಲ್ಲೇ ಇಟ್ಟಿದ್ದಾರೆ. ವಿದ್ವಾಂಸರ ತಕ್ಕಡಿ ಏನೇ ಹೇಳಲಿ, ಕತೆ ನಿಲ್ಲಲಿಲ್ಲ. ತಮಿಳಿನಲ್ಲಿ ಉಮರು ಪುಲವರ್ ಹದಿನೇಳನೆಯ ಶತಮಾನದಲ್ಲಿ ರಚಿಸಿದ 'ಸೀರಾಪ್ಪುರಾಣಂ' ಕಾವ್ಯದಲ್ಲಿ ಜಿಂಕೆಗೆ ಜಾಮೀನು ನಿಂತ ಪ್ರಸಂಗಕ್ಕೇ ಒಂದು ಅಧ್ಯಾಯವಿದೆ. ಇರಾನಿನ ಜನ ಇದೇ ಬಗೆಯ ಕತೆಯನ್ನು ಇಮಾಮ್ ರಿಝಾ ಅವರ ಹೆಸರಿನಲ್ಲಿ ಹೇಳಿ ಅವರನ್ನು 'ಜಿಂಕೆಯ ಜಾಮೀನುದಾರ' ಎಂದು ಕರೆಯುತ್ತಾರೆ.

ಹಿರ್ನಿಯನ್ನು ಪುಣ್ಯಕೋಟಿಯ ಪಕ್ಕದಲ್ಲಿ ನಿಲ್ಲಿಸಿದರೆ ಕಾಣುವ ವ್ಯತ್ಯಾಸ ಈ ಜಾಮೀನಿನದೇ. ಜಿಂಕೆಗಾಗಿ ಮಾತು ಕೊಡಲು ದೊಡ್ಡವರೊಬ್ಬರಿದ್ದಾರೆ. ಬೇಟೆಗಾರ ನಂಬಬೇಕಾದದ್ದು ಜಿಂಕೆಯನ್ನಲ್ಲ, ಅವರನ್ನು. ಪುಣ್ಯಕೋಟಿಗೆ ಯಾರೂ ಇಲ್ಲ. ಗೊಲ್ಲ ದೂರದಲ್ಲಿದ್ದಾನೆ, ಕಾಡಿನಲ್ಲಿ ಸಾಕ್ಷಿಯಿಲ್ಲ. ಹಸು ತನ್ನ ಸತ್ಯವೊಂದನ್ನೇ ಅಡವಿಡುತ್ತದೆ. ಅದನ್ನು ಹಿಡಿದುಕೊಂಡು ಬಿಟ್ಟುಕೊಡುವುದು ಹುಲಿಗೆ ಎಷ್ಟು ಕಷ್ಟವಾಗಿರಬೇಕು! ಪುಣ್ಯಕೋಟಿಯ ಸತ್ಯವನ್ನು ಎಲ್ಲ ಮೇಷ್ಟ್ರುಗಳೂ ಹೊಗಳಿದ್ದಾರೆ, ಹೊಗಳಬೇಕಾದದ್ದೇ. ಆದರೆ ಪರಿಚಯವಿಲ್ಲದವಳ ಬರೀ ಮಾತನ್ನು ಮೊದಲು ನಂಬಿದ್ದು ಅರ್ಬುತ. ಆ ನಂಬಿಕೆ ಇಲ್ಲದಿದ್ದರೆ ಹಸುವಿನ ಸತ್ಯ ಪರೀಕ್ಷೆಗೇ ಬರುತ್ತಿರಲಿಲ್ಲ, ಹುಲಿಯ ಊಟ ಅಲ್ಲೇ ಮುಗಿಯುತ್ತಿತ್ತು.

ಹಾಡಿನಲ್ಲಿ ನಮಗೆ ಕೊರತೆಯೆನಿಸುವುದೂ ಇಲ್ಲಿಯೇ. ದೊಡ್ಡಿಗೆ ಬಂದ ಹಸುವಿಗೆ ಹಾಡು ಬಹಳ ಹೊತ್ತು ಕೊಡುತ್ತದೆ. ಕರುವಿನ ಅಳಲು ಇದೆ, ಯಾರ ಬಳಿ ಮಲಗಲಿ ಎಂಬ ಅದರ ಪ್ರಶ್ನೆ ಇದೆ. ತಬ್ಬಲಿ ಕರು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಪುಣ್ಯಕೋಟಿ ಉಳಿದ ಹಸುಗಳನ್ನು ಬೇಡಿಕೊಳ್ಳುವ ಮಾತಿದೆ. ಕನ್ನಡದಲ್ಲಿ ಇಷ್ಟು ಸರಳವಾಗಿ ಇಷ್ಟು ನೋಯಿಸುವ ಸಾಲುಗಳು ಕಡಿಮೆ. ಅಷ್ಟು ಹೊತ್ತೂ ಹುಲಿ ಅಲ್ಲಿ ಏನು ಮಾಡುತ್ತಿತ್ತು? ಪಾಠದ ಹಾಡು ಹಸುವಿನ ಹಿಂದೆ ಹೊರಟುಬಿಡುತ್ತದೆ. ಹುಲಿ ತನ್ನನ್ನು ತಾನೇ ಬೈದುಕೊಂಡಿತೇ, ದಾರಿ ನೋಡಿತೇ, ಹಸಿವಿಗೆ ಏನು ಸಮಾಧಾನ ಹೇಳಿತು, ಒಂದೂ ತಿಳಿಯದು. ಹಸು ಬಂದ ಮೇಲೆ ಅದನ್ನು ಒಡಹುಟ್ಟಿದ ಅಕ್ಕನೆಂದು ಕರೆಯಿತು, ಕಣ್ಣೀರು ಸುರಿಸಿತು, ನೆಗೆಯಿತು. ಎಲ್ಲ ಕೆಲವೇ ಪದ್ಯಗಳಲ್ಲಿ ಮುಗಿಯುತ್ತದೆ. ತರಗತಿಯಲ್ಲಿ ಯಾವುದೋ ಮಗು ಎದ್ದು ನಿಂತು, ಹಾಗಾದರೆ ಅವತ್ತು ಹುಲಿ ಏನು ತಿಂದಿತು ಸಾರ್ ಎಂದು ಕೇಳುವುದುಂಟು. ಕೂತ್ಕೋ ಎನ್ನುತ್ತಾರೆ ಮೇಷ್ಟ್ರು.