ಸಹಲೇಖಕನ ಹೊಣೆ

ವಿದ್ವತ್ ಪತ್ರಿಕೆಗಳ ಲೇಖನವೊಂದರ ಶಿರೋಭಾಗದಲ್ಲಿ ಮೂರು ನಾಲ್ಕು ಹೆಸರುಗಳು ಸಾಲಾಗಿ ನಿಂತಿರುವುದು ಸಾಮಾನ್ಯ. ಅವರಲ್ಲಿ ಯಾರು ಯಾವುದಕ್ಕೆ ಹೊಣೆ ಎಂಬ ಪ್ರಶ್ನೆ ಏಳುವುದು ಲೇಖನ ಸುಳ್ಳೆಂದು ತಿಳಿದ ಮೇಲೆಯೇ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ವಿಶ್ವಜಿತ್ ಗುಪ್ತ ಅವರ ಪ್ರಕರಣದಲ್ಲಿ ಈ ಪ್ರಶ್ನೆ ತೀವ್ರವಾಗಿ ಎದ್ದಿತು. ಅದಕ್ಕೆ ದೊರೆತ ಉತ್ತರ ಮಾತ್ರ ತೃಪ್ತಿಕರವಲ್ಲ.

ಗುಪ್ತ ಅವರು ಸುಮಾರು 25 ವರ್ಷಗಳ ಅವಧಿಯಲ್ಲಿ ಹಿಮಾಲಯದ ಪಳೆಯುಳಿಕೆಗಳನ್ನು ಕುರಿತು ಮುನ್ನೂರಕ್ಕೂ ಹೆಚ್ಚು ಲೇಖನಗಳನ್ನು ಪ್ರಕಟಿಸಿದರು. ಸಹಲೇಖಕರೇ ನೂರಕ್ಕೂ ಮಿಗಿಲು. ಅವರಲ್ಲಿ ದೇಶವಿದೇಶಗಳ ಮಾನ್ಯ ತಜ್ಞರಿದ್ದರು. 1989ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯದ ಮೆಕ್ವಾರಿ ವಿಶ್ವವಿದ್ಯಾಲಯದ ಜಾನ್ ಟ್ಯಾಲೆಂಟ್ ಅವರು ‘ನೇಚರ್’ ಪತ್ರಿಕೆಯಲ್ಲಿ ಈ ಸಂಶೋಧನೆಯ ಬುಡವನ್ನೇ ಪ್ರಶ್ನಿಸಿದರು. ಹಿಮಾಲಯದವೆಂದು ವರ್ಣಿತವಾದ ಕೋನೋಡಾಂಟ್‌ಗಳು, ಎಂದರೆ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದ ಹಲ್ಲಿನಾಕಾರದ ಪಳೆಯುಳಿಕೆಗಳು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಮ್ಸ್‌ಡೆಲ್ ಕ್ರೀಕ್ ಎಂಬಲ್ಲಿನವುಗಳನ್ನೇ ತದ್ವತ್ತಾಗಿ ಹೋಲುತ್ತಿದ್ದವು. ಇನ್ನು ಕೆಲವು ಸುರುಳಿಚಿಪ್ಪಿನ ಪಳೆಯುಳಿಕೆಗಳು, ಮೊರಾಕ್ಕೊ ದೇಶದಿಂದ ಬಂದು ಪ್ಯಾರಿಸ್‌ನ ಅಂಗಡಿಯಲ್ಲಿ ಹಣಕ್ಕೆ ದೊರೆಯುವಂತಹವು. ಗುಪ್ತ ಅವರು ಆರೋಪಗಳನ್ನು ಅಲ್ಲಗಳೆದರು. ವಿಚಾರಣೆಯಲ್ಲಿ ದೋಷ ಸ್ಥಿರಪಟ್ಟರೂ 2002ರಲ್ಲಿ ನಿವೃತ್ತರಾಗುವವರೆಗೆ ಅವರ ಹುದ್ದೆ ಉಳಿಯಿತು.

ಮೂಲ ಅಪರಾಧದ ಬಗೆಗೆ ಹೆಚ್ಚು ಚರ್ಚೆ ಬೇಕಿಲ್ಲ. ವಿಚಾರಾರ್ಹವಾದುದು ಸಹಲೇಖಕರ ನಿಲುವು. ತಮಗೆ ಕಳುಹಿಸಿದ ಮಾದರಿಯನ್ನು ಪರೀಕ್ಷಿಸಿ ಅದು ಯಾವ ಜಾತಿಯದೆಂದು ಗುರುತಿಸಿಕೊಟ್ಟೆವು. ಅದು ಎಲ್ಲಿ ಸಿಕ್ಕಿತೆಂಬುದು ಕಳುಹಿಸಿದವರ ಹೊಣೆ. ನಮ್ಮ ನಂಬಿಕೆಗೆ ದ್ರೋಹವಾಯಿತು ಎಂಬುದು ಅವರ ಪರವಾಗಿ ಹೇಳಬಹುದಾದ ಮಾತು. ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ವಿಜ್ಞಾನದ ಕೆಲಸ ಪರಸ್ಪರ ವಿಶ್ವಾಸವಿಲ್ಲದೆ ಒಂದು ದಿನವೂ ನಡೆಯದು. ಒಬ್ಬನೇ ಅಗೆದು, ಅಳೆದು, ಗುರುತಿಸಿ, ಬರೆಯುವ ಕಾಲವೂ ಹೋಯಿತು.

ಆದರೆ ಆ ಲೇಖನಗಳು ಪ್ರತಿಪಾದಿಸಿದ್ದಾದರೂ ಏನನ್ನು? ಕೋನೋಡಾಂಟ್ ಕೋನೋಡಾಂಟೇ ಎಂಬುದನ್ನಲ್ಲ. ಅದು ಹಿಮಾಲಯದ ಇಂತಹ ಶಿಲಾಸ್ತರದಲ್ಲಿ ದೊರೆಯಿತು, ಆದುದರಿಂದ ಆ ಸ್ತರದ ವಯಸ್ಸು ಇಷ್ಟು ಎಂಬುದನ್ನು. ಪಳೆಯುಳಿಕೆ ನಿಜವಾದುದೇ, ಸ್ಥಳ ಸುಳ್ಳು. ಸ್ಥಳ ಸುಳ್ಳಾದರೆ ಲೇಖನದಲ್ಲಿ ಉಳಿಯುವುದು ಚಿತ್ರ ಮಾತ್ರ. ಆದ್ದರಿಂದ ಸ್ಥಳದ ಹೊಣೆ ತನ್ನದಲ್ಲವೆನ್ನುವ ಸಹಲೇಖಕನು ಲೇಖನದ ಸಾರಕ್ಕೇ ತಾನು ಸಹಿ ಹಾಕಿಲ್ಲವೆಂದು ಹೇಳಿದಂತಾಗುತ್ತದೆ. ಗುರುತಿಸಿಕೊಟ್ಟವನಿಗೆ ಕೊನೆಯಲ್ಲಿ ಕೃತಜ್ಞತೆ ಸಲ್ಲಿಸಿದ್ದರೆ ಸಾಕಿತ್ತು. ಶಿರೋಭಾಗದಲ್ಲಿ ಹೆಸರು ಹಾಕಿಸಿಕೊಂಡವನು ಕೀರ್ತಿಯಲ್ಲಿ ಇಡೀ ಪಾಲನ್ನು ಪಡೆದು ಹೊಣೆಯಲ್ಲಿ ಕಾಲುಭಾಗವನ್ನೂ ಒಲ್ಲೆನೆನ್ನುವುದು ಹೇಗೆ? ಮಾಡಿದವನ ಜೊತೆಗೆ ಅನುಮೋದಿಸಿದವನೂ ಉತ್ತರವಾದಿಯೆಂಬುದು ಈ ಪತ್ರಿಕೆಯ ಓದುಗರಿಗೆ ಹೊಸ ಮಾತಲ್ಲ. (ಅಭಿನಂದನ ಗ್ರಂಥಗಳ ಸಂಪಾದಕ ಮಂಡಳಿಗಳಲ್ಲಿ ಹೆಸರಾಗಿ ಮಾತ್ರ ಇರುವವರ ವಿಷಯ ಇಲ್ಲಿ ಬೇಡ.)

ಪೆಟ್ಟು ಬಿದ್ದುದು ಈ ವಿದ್ವಾಂಸರ ಮರ್ಯಾದೆಗಷ್ಟೇ ಅಲ್ಲ. ಆ ಲೇಖನಗಳನ್ನು ನಂಬಿ ಹಿಮಾಲಯದ ಸ್ತರಗಳ ಕಾಲನಿರ್ಣಯಕ್ಕೆ ಹೊರಟ ಮುಂದಿನ ವಿದ್ಯಾರ್ಥಿಯು, ಯಾವ ಮಾಹಿತಿ ಶುದ್ಧ, ಯಾವುದು ಕಲುಷಿತ ಎಂದು ಬೇರ್ಪಡಿಸುವುದರಲ್ಲಿಯೇ ವರ್ಷಗಳನ್ನು ಕಳೆಯಬೇಕು. ಅವನ ಆ ನಷ್ಟಕ್ಕೆ ಯಾವ ವಿಚಾರಣಾ ಸಮಿತಿಯೂ ಪರಿಹಾರ ಕೊಡಿಸದು.

ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು 2013ರಲ್ಲಿ ಕರ್ತೃತ್ವದ ನಿಯಮಗಳಿಗೆ ನಾಲ್ಕನೆಯದನ್ನು ಸೇರಿಸಿತು: ಲೇಖನದ ಯಾವ ಭಾಗದ ಬಗೆಗೆ ಸಂದೇಹ ಬಂದರೂ ಅದರ ಪರಿಶೀಲನೆ ಆಗುವಂತೆ ನೋಡಿಕೊಳ್ಳುವ ಹೊಣೆಯನ್ನು ಪ್ರತಿಯೊಬ್ಬ ಲೇಖಕನೂ ಒಪ್ಪಿಕೊಳ್ಳಬೇಕು. ನಿಯಮ ಒಳ್ಳೆಯದು, ಆದರೆ ಸಂದೇಹ ಬಂದ ಬಳಿಕ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಮಾದರಿಯ ಪೊಟ್ಟಣ ಕೈಗೆ ಬಂದ ದಿನವೇ ಕೇಳಬೇಕಾದ ಪ್ರಶ್ನೆಗಳು ಬೇರೆ: ಇದನ್ನು ಅಗೆದವರು ಯಾರು? ಆ ಬಂಡೆ ನಕಾಶೆಯಲ್ಲಿ ಎಲ್ಲಿದೆ? ಮತ್ತೊಬ್ಬರು ಅಲ್ಲಿಗೆ ಹೋದರೆ ಇಂತಹುದೇ ಸಿಕ್ಕೀತೆ? ನೂರಕ್ಕೂ ಹೆಚ್ಚು ಸಹಲೇಖಕರಲ್ಲಿ ಕೆಲವರಾದರೂ ಈ ಮೂರನ್ನು ಪಟ್ಟುಹಿಡಿದು ಕೇಳಿದ್ದರೆ, ಟ್ಯಾಲೆಂಟ್ ಅವರ ಲೇಖನಕ್ಕಾಗಿ 1989ರವರೆಗೆ ಕಾಯಬೇಕಾಗಿರಲಿಲ್ಲ.